ಆರನೇ ಗುಂಡಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಿಟಕಿಯ ಬಳಿ ಕೂತ ಆಕೆ, ನಿನ್ನೆ ಮುಗಿಸಿದ ಗುಂಡಿಯ ನೂಲನ್ನು ಮತ್ತೆ ಬಿಚ್ಚುತ್ತಿದ್ದಾರೆ. ಇದು ಮೂರನೇ ಸಲ. ನಡುವೆ ಎದ್ದು ಬಾಗಿಲವರೆಗೆ ಹೋಗಿ ಬೀದಿ ನೋಡುತ್ತಾರೆ, ಬಂದು ಕೂರುತ್ತಾರೆ, ಮತ್ತೆ ಏಳುತ್ತಾರೆ. "ದರ್ಜಿ ಎಂಟಕ್ಕೆ ಬರ್ತೀನಿ ಅಂದಿದಾನೆ. ಅಂದ್ರೆ ಏಳಕ್ಕೇ ಬಂದು ತಲೆ ತಿಂತಾನೆ," ಎನ್ನುತ್ತಾರೆ, ಅವರ ಕೆಲಸ ನೋಡಲು ಬಂದು ಕೂತ ನನಗೆ.

ಓಣಿಯವರಿಗೆ ಇವರು 'ಗುಂಡಿಯಕ್ಕ'. ಹಿತ್ತಾಳೆಯ ಪುಟ್ಟ ಬಳೆಗೆ ಒತ್ತೊತ್ತಾಗಿ ನೂಲು ಸುತ್ತಿ, ಚಕ್ರದ ಕಡ್ಡಿಗಳಂತೆ ಅಡ್ಡಡ್ಡ ಎಳೆದು, ನಡುವಿನಿಂದ ಅಂಚಿನವರೆಗೆ ಸೂಜಿಯಲ್ಲೇ ನೇಯ್ದು ಕೋಟಿನ ಗುಂಡಿ ಮಾಡುತ್ತಾರೆ. ಕೈ ಓಡಿದ ದಿನ ಹನ್ನೆರಡಾಗುತ್ತವೆ; ಕಣ್ಣು ಮುಷ್ಕರ ಹೂಡಿದ ದಿನ ಐದೋ ಆರೋ. ಕಲಿಸಿದ್ದು ಅತ್ತೆ. ಗಂಡ ತೀರಿಕೊಂಡ ಮೇಲೆ ಈ ಒಂದು ಕೋಣೆಯ ಸಂಸಾರ ನಡೆದದ್ದು ಇಬ್ಬರ ಸೂಜಿಯಿಂದಲೇ. ಈಗ ಅತ್ತೆಯ ಬೆರಳು ಮಡಚುವುದಿಲ್ಲ. ಬಾಯಿ ಮಾತ್ರ ಚುರುಕಾಗಿದೆ.

ದರ್ಜಿ ಹಳೆಯ ಕೋಟೊಂದರ ಐದು ಗುಂಡಿ ಬಿಚ್ಚಿ ತಂದುಕೊಟ್ಟಿದ್ದಾರೆ. ಆರನೆಯದು ಕಳೆದಿದೆ. ಐದೂ ಅತ್ತೆ ಮಾಡಿದವು. ಹೊಸದು ಹೊಂದದಿದ್ದರೆ ಕೋಟಿಗೆ ಆರೂ ಪ್ಲಾಸ್ಟಿಕ್ಕೇ ಗತಿ; ಈ ಐದು ಇಲ್ಲೇ ಉಳಿಯುತ್ತವೆ.

"ಅತ್ತೆ ಮಾಡಿದ್ರಲ್ಲಿ ಉಳಿದಿರೋದು ಇವಷ್ಟೇ. ಡಬ್ಬೀಲಿಟ್ಟು ಏನ್ಮಾಡ್ಲಿ? ಗುಂಡಿ ಅಂದ್ರೆ ಯಾರದಾದ್ರೂ ಎದೆ ಮೇಲಿರಬೇಕು."

ಅದೇ ನೂಲು, ಅದೇ ಅಳತೆಯ ಬಳೆ. ಬಿಸಿಲಿಗಿಟ್ಟು ಬಣ್ಣವನ್ನೂ ಹಳತು ಮಾಡಿದ್ದಾಗಿದೆ. ಆದರೂ ಪಕ್ಕದಲ್ಲಿಟ್ಟರೆ ಹೊಸದು ಚೂರು ಕಪ್ಪಾಗಿ ಕಾಣುತ್ತದೆ.

"ನಾನು ಸೂಜಿ ಹಿಡೀತಿದ್ದದ್ದು ಯಾವ ಕೈಲಿ ಹೇಳೇ?" ಗೋಡೆಗೊರಗಿದ ಅತ್ತೆ ಕೇಳುತ್ತಾರೆ.

ಗುಂಡಿಯಕ್ಕನ ಕೈ ನಿಲ್ಲುತ್ತದೆ. ಅತ್ತೆಯದು ಎಡಗೈ. ಅವರ ನೇಯ್ಗೆ ಒಂದು ಕಡೆಗೆ ಸುತ್ತಿದರೆ ಸೊಸೆಯದು ಇನ್ನೊಂದು ಕಡೆಗೆ. ಒಂದು ಸುತ್ತು ನೂಲಿನ ಹುರಿಯನ್ನು ಬಿಗಿಯುತ್ತದೆ, ಇನ್ನೊಂದು ಸಡಿಲಿಸುತ್ತದೆ. ಬೆಳಕು ಎರಡರ ಮೇಲೂ ಒಂದೇ ಥರ ಬೀಳುವುದಿಲ್ಲ.

"ಎದುರಿಗೆ ಕೂತು ಕಲ್ತೆ ನೋಡಿ," ಎಂದು ನನ್ನತ್ತ ತಿರುಗುತ್ತಾರೆ. "ಕನ್ನಡೀಲಿ ನೋಡಿದ ಹಾಗೆ ಕಲ್ತುಬಿಟ್ಟಿದೀನಿ. ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಿದ್ಯಾ?"

ಸೂಜಿ ಗುಂಡಿಯಕ್ಕನ ಎಡಗೈಗೆ ಬರುತ್ತದೆ. ಚುಚ್ಚುತ್ತದೆ, ಜಾರುತ್ತದೆ. "ಹಗ್ಗ ಜಗ್ಗೋ ಹಾಗೆ ಜಗ್ಗಬೇಡ ಕಣೇ," ಎನ್ನುತ್ತಾರೆ ಅತ್ತೆ. ಬೀದಿಯಲ್ಲಿ ಸೈಕಲ್ ಬೆಲ್ ಆದಾಗಲೆಲ್ಲ ಇಬ್ಬರೂ ಬಾಗಿಲು ನೋಡುತ್ತಾರೆ. ಕೊನೆಯ ಗಂಟು ಬೀಳುವ ಹೊತ್ತಿಗೆ ದರ್ಜಿ ಹೊಸ್ತಿಲ ಮೇಲಿದ್ದಾರೆ. ಗುಂಡಿಯಕ್ಕ ಆರನ್ನೂ ಕಲೆಸಿ ಅವರ ಅಂಗೈಗೆ ಸುರಿಯುತ್ತಾರೆ.

"ಯಾವುದಕ್ಕಾ ಹೊಸದು?"

"ನೀನೇ ಹೇಳಪ್ಪಾ."

ದರ್ಜಿ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಎತ್ತುತ್ತಾರೆ. "ಅದು ಅತ್ತೇದು," ಎನ್ನುತ್ತಾರೆ ಗುಂಡಿಯಕ್ಕ. "ಪ್ಲಾಸ್ಟಿಕ್ ಬೇಕಿಲ್ಲ ಬಿಡಿ," ಎಂದು ದರ್ಜಿ ನಕ್ಕು ಜೇಬಿಗಿಳಿಸಲು ಹೊರಟಾಗ ಅತ್ತೆ ಕೈ ಚಾಚುತ್ತಾರೆ. ಮಡಚದ ಹೆಬ್ಬೆರಳು ಒಂದೊಂದನ್ನೇ ಸವರಿ, ಒಂದರ ಮೇಲೆ ನಿಲ್ಲುತ್ತದೆ. ಆಮೇಲೆ ಆರನ್ನೂ ಹಿಂತಿರುಗಿಸುತ್ತಾರೆ.

ದರ್ಜಿಯ ಸೈಕಲ್ ತಿರುವು ದಾಟಿದ ಮೇಲೆ ಅತ್ತೆ ಹೇಳುತ್ತಾರೆ: "ಗೊತ್ತಾಯ್ತು ಕಣೇ. ನಂದು ಅಷ್ಟು ಬಿಗಿ ಇರ್ತಿರಲಿಲ್ಲ."

ಗುಂಡಿಯಕ್ಕ ಆಗಲೇ ಹೊಸ ಬಳೆ ಎತ್ತಿಕೊಂಡಿದ್ದಾರೆ. ಸೂಜಿ ಇನ್ನೂ ಎಡಗೈಯಲ್ಲೇ ಇದೆ.

"ಇವರ ಹೆಬ್ಬೆರಳಿಗೂ ಗೊತ್ತಾಗದ ಹಾಗೆ ಒಂದು ಮಾಡಬೇಕು. ಇವರಿರೋವಾಗ್ಲೇ."