ಖಾಲಿ ವಿಲ್ಲಾದ ಮುಂದಿನ ಚಪ್ಪಲಿಗಳು

ಕೊಲ್ಲಿಯ ಈ ಊರಿನ ಮುಐದರ್ ಬಡಾವಣೆಯ ನಮ್ಮ ಗಲ್ಲಿಯಲ್ಲಿ ಎದುರು ಸಾಲಿನ ಮೂರು ವಿಲ್ಲಾಗಳು ಒಬ್ಬನೇ ಮಾಲೀಕನವು. ಅವನು ಸಾಲ ತೀರಿಸಲಿಲ್ಲ, ಬ್ಯಾಂಕು ಜಪ್ತಿ ಮಾಡಿತು, ಬಾಡಿಗೆಗಿದ್ದವರು ಹೊರಟುಹೋದರು. ಒಂದೇ ಬೇಸಿಗೆಯಲ್ಲಿ ಎಸಿಗಳ ತಾಮ್ರದ ಪೈಪು ಕಳುವಾಯಿತು, ಗೇಟಿನ ಬುಡದಲ್ಲಿ ಮರಳು ಗುಡ್ಡೆಬಿತ್ತು, ಬೀದಿದೀಪಗಳೂ ಕೆಟ್ಟವು.

ನಮ್ಮ ಮನೆ ಬೇರೆ ಮಾಲೀಕನದು. ಆದರೂ ನನ್ನ ಗಂಡ ಊರಾಚೆಯ ಉಮ್ಮ್ ಸಲಾಲ್‌ನಲ್ಲಿ ಒಂದು ಫ್ಲ್ಯಾಟ್ ನೋಡಿಕೊಂಡು ಬಂದರು.

"ಈ ಗಲ್ಲೀಲಿ ಮಗಳನ್ನ ಸೈಕಲ್ ಹೊಡಿಯೋಕೆ ಬಿಡ್ತೀಯಾ? ಸ್ಕೂಲ್ ವರ್ಷ ಮುಗಿಯೋದ್ರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಶಿಫ್ಟ್ ಆಗೋಣ."

ನನಗೆ ಹೊರಡಲು ಮನಸ್ಸಿರಲಿಲ್ಲ. ಪಕ್ಕದ ಮನೆಯ ಮಂಗಳೂರಿನ ಅಕ್ಕ ಈ ದೇಶದಲ್ಲಿ ನನಗೆ ದಕ್ಕಿದ ಒಬ್ಬರೇ ಗೆಳತಿ. ಅಂಥವರು ಫ್ಲ್ಯಾಟಿನ ಜೊತೆ ಬಾಡಿಗೆಗೆ ಸಿಗುವುದಿಲ್ಲ.

ಖಾಲಿ ಮನೆಗಳು ಖಾಲಿ ಎಂದು ಕಾಣಬಾರದೆಂಬ ಯೋಚನೆ ಅಕ್ಕನದು. ಅವರು ಇಂದಿಗೂ ಅದು ನನ್ನದೆನ್ನುತ್ತಾರೆ. ನಾನು ಬರೆಯುವ ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿಯೇ ಇವೆ, ಹಾಗಾಗಿ ವಾದ ಮುಗಿಯುವುದಿಲ್ಲ. ಕೆಲಸವನ್ನಂತೂ ಇಬ್ಬರೂ ಸೇರಿ ಮಾಡಿದೆವು. ಮೂರೂ ಬಾಗಿಲುಗಳ ಮುಂದೆ ಹಳೆಯ ಚಪ್ಪಲಿಗಳನ್ನು ಬಿಟ್ಟೆವು, ಗೇಟಿನ ಬಳಿ ರಂಗೋಲಿ ಎಳೆದೆವು, ನಡುವಿನ ವಿಲ್ಲಾದ ಮುಂದೆ ಅಕ್ಕನ ಹಗ್ಗ ಕಟ್ಟಿ ಲುಂಗಿ ಒಣಹಾಕಿದೆವು. ಗಂಡಂದಿರ ಕಾರುಗಳೂ ಅಲ್ಲೇ ನಿಂತವು. ಹೊಸ್ತಿಲಾಚೆ ಚಪ್ಪಲಿ ಕಂಡರೆ ಒಳಗೆ ಜನರಿದ್ದಾರೆ ಎಂದು ತಿಳಿದು ಬೆಳೆದವರು ನಾವು. ಕಳ್ಳತನ ನಿಂತಿತು.

ಆಮೇಲೆ ಸುದ್ದಿ ಬಂತು: ಜಪ್ತಿಯಾಗಿ ಖಾಲಿ ಬಿದ್ದ ಮನೆಗಳಿಂದ ಪಾಳುಬಿದ್ದ ಗಲ್ಲಿಗಳ ದುರಸ್ತಿಗೆ ಸರ್ಕಾರ ಹಣ ಕೊಡುತ್ತದೆ, ದೀಪ ಹಾಕಿಸುತ್ತದೆ. ಪರಿಶೀಲನೆಗೆ ಬಂದ ಅಧಿಕಾರಿ ಗಲ್ಲಿಯುದ್ದಕ್ಕೂ ನಡೆದು, ಕೊಲ್ಲಿಯ ಮುರುಕು ಹಿಂದಿಯಲ್ಲಿ ತೀರ್ಪು ಕೊಟ್ಟ.

"ಕಾರಿದೆ, ಬಟ್ಟೆ ಇದೆ, ಜನ ಇದ್ದಾರೆ. ಖಾಲಿ ಮಾಫಿ, ಖಾಲಿ ಇಲ್ಲ. ಖಲಾಸ್."

"ಜನ ಎಲ್ಲಿ ಉಂಟು ಮಾರಾಯ್ರೆ, ಆ ಲುಂಗಿ ನನ್ನ ಗಂಡನದ್ದು," ಎಂದು ಅಕ್ಕ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. ಅವನು ತನ್ನ ಕಾರಿನತ್ತ ಹೊರಟಿದ್ದ.

ನಾನು ಬಕೆಟ್ ತಂದು ಅವನೆದುರೇ ಚಪ್ಪಲಿಗಳನ್ನೆಲ್ಲ ಅದರೊಳಗೆ ತುಂಬಿದೆ. ಆಮೇಲೆ ಒಂದು ಕಿಟಕಿ ತೋರಿಸಿದೆ. ಅವನು ಇಣುಕಿದ. ನೆಲದ ತುಂಬ ಮರಳು, ಅದರ ಮೇಲೆ ಒಂದು ಹೆಜ್ಜೆಯ ಗುರುತೂ ಇಲ್ಲ.

"ಇದೆಲ್ಲ ಯಾಕೆ?"

"ಕಳ್ಳ ನಂಬಲಿ ಅಂತ," ಎಂದರು ಅಕ್ಕ, ಈಗ ಹಿಂದಿಯಲ್ಲಿ.

"ಕಳ್ಳನೂ ನಂಬಿದ, ನಾನೂ ನಂಬಿದೆ. ಯಲ್ಲಾ, ಬೇಗ ಬೇಗ ಎಲ್ಲ ತೆಗೆಯಿರಿ. ಆ ತುದಿಯಿಂದ ಇನ್ನೊಮ್ಮೆ ನಡೆದು ಬರುತ್ತೇನೆ."

ಆಗ ಅವನು ನಕ್ಕನೆಂದು ನಾನು ಹೇಳುತ್ತ ಬಂದಿದ್ದೇನೆ. ಈಗ ನನಗೇ ಅನುಮಾನ, ನಗು ನಾನು ಸೇರಿಸಿದ್ದಿರಬಹುದು. ಆದರೆ ಅವನು ಗಲ್ಲಿಯ ತುದಿಗೆ ಹೋಗಿ, ಮೊದಲ ಬಾರಿ ಬಂದವನಂತೆ ಎಡಬಲ ನೋಡುತ್ತ ಮತ್ತೆ ನಡೆದದ್ದು ನಿಜ. ಅಷ್ಟರಲ್ಲಿ ರಂಗೋಲಿ ಅಳಿಸಿ, ಲುಂಗಿ ತೆಗೆದು, ನಾವಿಬ್ಬರೂ ಬಕೆಟ್ ಹಿಡಿದುಕೊಂಡೇ ನಿಂತಿದ್ದೆವು.

ದೀಪಗಳು ಮೊದಲು ಬಂದವು. ಶಾಲೆಗೆ ರಜೆ ಸಿಗುವ ಹೊತ್ತಿಗೆ ನನ್ನ ಗಂಡ ಮಗಳ ಸೈಕಲ್ಲಿನ ಸೀಟು ಹಿಡಿದು ಗಲ್ಲಿಯಲ್ಲಿ ಓಡುತ್ತಿದ್ದರು. ಉಮ್ಮ್ ಸಲಾಲ್‌ನ ಮಾತು ನಾನೂ ಎತ್ತಲಿಲ್ಲ.

ನಡುವಿನ ವಿಲ್ಲಾಕ್ಕೆ ಮಲಯಾಳಿ ಕುಟುಂಬವೊಂದು ಬಂತು. ಅಕ್ಕ ಅಲ್ಲೇ ಉಳಿದಿದ್ದ ತಮ್ಮ ಹಗ್ಗ ಕೇಳಲು ಹೋದವರು ಬರಿಗೈಯಲ್ಲಿ ಮರಳಿದರು.

"ಅವರ ಮಗುವಿನ ಬಟ್ಟೆ ಒಣಗ್ಲಿಕ್ಕೆ ಹಾಕಿದ್ದಾರೆ. ಇರ್ಲಿ ಬಿಡಿ, ಹಗ್ಗ ಅಲ್ಲೇ ಇರ್ಲಿ."