ಸತ್ತ ಮೂಗಿಗೆ ಬಂದ ಲೋಬಾನದ ಹೊಗೆ

ದೆವ್ವ, ಗಾಳಿ, ಶಕುನ ಅಂತ ಮಾತೆತ್ತಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕೆ.ಆರ್. ಪೇಟೆಯಲ್ಲಿ ನನ್ನದೊಂದು ಸಣ್ಣ ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ಹಿಡಿದು ಬಂದ ಹೆಂಗಸರಿಗೆ ಅದಕ್ಕೆ ಒಪ್ಪುವ ಬ್ಲೌಸ್ ಪೀಸು, ಫಾಲ್ಸು, ದಾರ ಹುಡುಕಿ ಕೊಡುವುದು ನನ್ನ ಕೆಲಸ. ಬಣ್ಣ ಹೊಂದಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಯಾರ ಬಾಯಿಯೂ ಸುಮ್ಮನಿರುವುದಿಲ್ಲ. ಸತ್ತ ಅತ್ತೆ ಕನಸಿನಲ್ಲಿ ಬಂದು ಕಳೆದುಹೋದ ಓಲೆ ಎಲ್ಲಿದೆ ಅಂತ ಹೇಳಿದ್ದು, ಹುಣಸೆ ಮರದ ಕೆಳಗೆ ಯಾರೋ ಹೆಸರು ಹಿಡಿದು ಕೂಗಿದ್ದು, ಇಂಥವನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. "ಅವತ್ತು ರಾತ್ರಿಗೆ ಏನಡುಗೆ ಮಾಡಿದ್ರಿ? ವಸಿ ಜಾಸ್ತಿ ಉಂಡಿರ್ಬೇಕು" ಅಂದು ನಾನು ಅವರ ಕಥೆಯ ಗಾಳಿ ತೆಗೆದುಬಿಡುತ್ತಿದ್ದೆ. ಹಾಗಿದ್ದವಳು ಈಗ ಇದನ್ನು ಬರೆಯಲು ಕೂತಿದ್ದೇನೆ ಅಂದರೆ ನನಗೇ ನಾಚಿಕೆ. ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕೊರೋನಾದ ಎರಡನೇ ಅಲೆಯ ಲಾಕ್‌ಡೌನು ಶುರುವಾದ ಹೊಸತು. ಅಂಗಡಿಯ ಷಟರ್ ಎಳೆದು ಮನೆಗೆ ಬಂದು ವಾರವಾಗಿರಲಿಲ್ಲ, ನನಗೆ ಜ್ವರ ಹತ್ತಿತು. ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಕೆಳಗೆ ಅತ್ತೆ ಮತ್ತು ಹೈಸ್ಕೂಲು ಓದುವ ಮಗಳು ಉಳಿದರು, ನಾನು ಮಹಡಿ ಮೇಲಿನ ಒಂಟಿ ರೂಮು ಸೇರಿದೆ. ನಮ್ಮ ಯಜಮಾನರದು ಗೂಡ್ಸ್ ಆಟೊ. ತರಕಾರಿ ಸಾಗಿಸಲು ಪಾಸು ಇತ್ತು. ಜ್ವರ ಕಾಣಿಸಿಕೊಂಡಾಗ ಅವರು ಹತ್ತಿರದ ಶೀಳನೆರೆಯಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು. ಇತ್ತ ಬರಲೇಬೇಡಿ ಅಂತ ಫೋನಿನಲ್ಲೇ ತಡೆದೆ. ಅವರು ಅಲ್ಲೇ ಉಳಿದು, ಅಲ್ಲಿಂದಲೇ ಬಾಡಿಗೆಗೆ ಓಡಾಡುತ್ತಿದ್ದರು.

ಬೆರಳಿಗೆ ಸಿಕ್ಕಿಸಿಕೊಂಡು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವ ಆಕ್ಸಿಮೀಟರನ್ನು ಅವರೇ ಎಲ್ಲೆಲ್ಲೋ ಅಲೆದು ತಂದು ಗೇಟಿಗೆ ನೇತುಹಾಕಿ ಹೋಗಿದ್ದರು. ಆಶಾ ಕಾರ್ಯಕರ್ತೆ ದಿನಾ ಬೆಳಿಗ್ಗೆ ಫೋನು ಮಾಡಿ "ನಂಬರ್ ಎಷ್ಟ್ ತೋರುಸ್ತದೆ ಅಕ್ಕಾ?" ಅಂತ ಕೇಳುವಳು. ಒಂದು ದಿನ ಹೀಗೂ ಹೇಳಿದ್ದಳು: "ಕೆಲವರ್ಗೆ ಏದುಸ್ರೇ ಬರಲ್ಲ. ಸುಮ್ನೆ ಮಂಕಾಗಿ ಮನಿಕಬುಡ್ತಾರೆ. ಅಂಗಾದ್ರೆ ಮಾತ್ರ ತಡ ಮಾಡ್ಬ್ಯಾಡಿ ಕಣಕ್ಕಾ." ಅದು ನನಗೇ ಹೇಳಿದ ಎಚ್ಚರಿಕೆ ಅಂದುಕೊಂಡು ದಿನಕ್ಕೆ ಹತ್ತು ಸಲ ಬೆರಳು ಸಿಕ್ಕಿಸಿ ನೋಡುತ್ತಿದ್ದೆ.

ಜ್ವರ ಬಿಟ್ಟಿತು, ಮೂಗು ಹೋಯಿತು. ಹೋಯಿತು ಅಂದರೆ ಪೂರ್ತಿ ಹೋಯಿತು. ಬಸ್ಸಾರು ಬಿಸಿನೀರಾಯಿತು. ಅತ್ತೆಗೆ ಇದು ದೊಡ್ಡ ಸೋಜಿಗ. ಸೊಸೆ ನಾಟಕ ಮಾಡುತ್ತಿದ್ದಾಳೋ ಏನೋ ಅಂತ ಅನುಮಾನವೂ ಇತ್ತೆಂದು ಕಾಣುತ್ತದೆ. ಇಂಗಿನ ಡಬ್ಬಿ, ಕರ್ಪೂರ, ಜಜ್ಜಿದ ಬೆಳ್ಳುಳ್ಳಿ, ಕೊನೆಗೆ ಕೊಟ್ಟಿಗೆಯ ಗಂಜಲವನ್ನೂ ಲೋಟದಲ್ಲಿ ತಂದು ಬಾಗಿಲ ಹೊರಗಿಟ್ಟು, "ಮೂಸ್ನೋಡು, ಈಗ್ಲಾದ್ರೂ ಬತ್ತದಾ?" ಅನ್ನುವರು. ಯಾವುದೂ ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದೊಡನೆ ಕಾಫಿಪುಡಿಯ ಡಬ್ಬಿಗೆ ಮೂಗು ತೂರಿಸಿ ನೋಡುವುದು ನನಗೆ ರೂಢಿಯಾಯಿತು. ಒಂದು ದಿನ ಡಬ್ಬಿ ಹಿಡಿದುಕೊಂಡೇ ಅತ್ತುಬಿಟ್ಟೆ. ಸುತ್ತ ಜನ ಪ್ರಾಣ ಬಿಡುತ್ತಿರುವಾಗ ನೀನು ವಾಸನೆಗೆ ಅಳುತ್ತೀಯಲ್ಲೇ ಅಂತ ನನ್ನನ್ನೇ ಬೈದುಕೊಂಡೆ, ಆದರೂ ಅಳು ಬಂತು.

ಹೀಗಿರುವಾಗ ಒಂದು ಮಧ್ಯಾಹ್ನ, ಬಿಸಿಲು ಉರಿಯುವ ಹೊತ್ತಿನಲ್ಲಿ, ಮಂಚದ ಮೇಲೆ ಕೂತು ಸೀರೆಯೊಂದಕ್ಕೆ ಫಾಲ್ಸು ಹೊಲಿಯುತ್ತಿದ್ದೆ. ಹೊತ್ತು ಹೋಗಲೆಂದು ಅಂಗಡಿಯ ಕೆಲಸವನ್ನೇ ಮೇಲೆ ತಂದಿಟ್ಟುಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ಸಾಂಬ್ರಾಣಿಯ ವಾಸನೆ ಬಂತು. ಸಣ್ಣಗೆ ಅಲ್ಲ, ಗಂಟಲಿಗೆ ಇಳಿಯುವಷ್ಟು ದಟ್ಟವಾಗಿ.

ಮೂಗು ಬಂತು ಅಂತ ಕುಣಿದಾಡುವಷ್ಟು ಖುಷಿಯಾಯಿತು. ಎದ್ದು ಕಾಫಿಪುಡಿ ಮೂಸಿದೆ. ಏನೂ ಇಲ್ಲ. ಸೋಪು ಮೂಸಿದೆ, ಅಮೃತಾಂಜನದ ಶೀಶೆಯನ್ನು ಮೂಗಿನೊಳಕ್ಕೇ ಇಟ್ಟುಕೊಂಡೆ. ಏನೇನೂ ಇಲ್ಲ. ಸಾಂಬ್ರಾಣಿ ಮಾತ್ರ ಹಾಗೇ ಇತ್ತು. ಕಿಟಕಿಯಿಂದ ಕೂಗಿ ಕೇಳಿದೆ, ಕೆಳಗೆ ಯಾರಾದರೂ ಹಚ್ಚಿದ್ದೀರಾ ಅಂತ. "ಸಾಂಬ್ರಾಣಿ ಎಲ್ಲವ್ವಾ ಅದೆ ಮನೇಲಿ? ಪ್ಯಾಟೆ ಮಖ ನೋಡಿ ಎಷ್ಟ್ ದಿನಾಯ್ತು!" ಅಂದರು ಅತ್ತೆ. ಮಗಳು ಅಂಗಳಕ್ಕೆ ಬಂದು ಮೂಗರಳಿಸಿ ನೋಡಿ, ಇಲ್ಲಮ್ಮ, ಏನೂ ಬರ್ತಿಲ್ಲ ಅಂದಳು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ಅದು ದೇವರ ಮನೆಯ ಸಾಂಬ್ರಾಣಿ ಕಡ್ಡಿಯ ವಾಸನೆಯಲ್ಲ ಅಂತ ನನಗೆ ಆಗಲೇ ಗೊತ್ತಾಗಿತ್ತು. ಅದರ ಅಡಿಯಲ್ಲಿ ತೆಂಗಿನ ಚಿಪ್ಪಿನ ಕೆಂಡದ ಒಗರು ಇತ್ತು. ಆ ಎರಡೂ ಸೇರಿದ ವಾಸನೆ ನಮ್ಮ ಪೇಟೆಯಲ್ಲಿ ಒಬ್ಬರದೇ, ಪ್ಯಾರು ಸಾಬರದು. ಗುರುವಾರ ಬಂತೆಂದರೆ ಕೆಂಡ ತುಂಬಿದ ತಗಡಿನ ಡಬ್ಬವನ್ನು ಸರಪಳಿಯಲ್ಲಿ ತೂಗಿಕೊಂಡು, ನವಿಲುಗರಿಯ ಕಟ್ಟು ಹಿಡಿದು, ಸಾಲಿನ ಒಂದೊಂದು ಅಂಗಡಿಗೂ ಹೊಗೆ ಹಾಕುವರು. ನಾವು ಸಾಂಬ್ರಾಣಿ ಅನ್ನುವುದನ್ನು ಅವರು ಲೋಬಾನ ಅನ್ನುತ್ತಾರೆ. ಗಲ್ಲಾಪೆಟ್ಟಿಗೆಗೆ ಒಂದು ಸುತ್ತು, ಹೊಲಿಗೆ ಮೆಷಿನ್ನಿಗೆ ಒಂದು ಸುತ್ತು, ಕೊನೆಗೆ ನನ್ನ ತಲೆಯ ಮೇಲೆ ನವಿಲುಗರಿ ಆಡಿಸಿ "ಬರಕತ್ ಆಗ್ಲಿ ತಾಯಿ" ಅಂತ ವ್ಯಾಪಾರ ಹೆಚ್ಚಲೆಂದು ಹರಸುವರು. ಲಾಕ್‌ಡೌನು ಬಂದ ಮೇಲೆ ಅಂಗಡಿಗಳೇ ಇಲ್ಲ, ಅವರು ಎಲ್ಲಿಗೆ ಹೊಗೆ ಹಾಕಬೇಕು?

ವಾಸನೆ ಹೋಗಲಿಲ್ಲ. ಕಿಟಕಿ ಮುಚ್ಚಿದರೂ ಇತ್ತು, ತೆಗೆದರೂ ಇತ್ತು. ಸಾಬರು ಬಾಗಿಲಾಚೆಯೇ ನಿಂತು ಡಬ್ಬ ತೂಗುತ್ತಿದ್ದಾರೆ ಅನ್ನಿಸತೊಡಗಿತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ದೆವ್ವಕ್ಕಲ್ಲ, ಸಾಬರಿಗೆ ಏನೋ ಆಗಿದೆ ಅಂತ. ಅವರ ಮಗಳು ರೇಷ್ಮಾ ನನ್ನ ಅಂಗಡಿಯ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಾಳೆ. ಕುಚ್ಚಿನ ವಿಷಯ ಕೇಳುವವಳ ಹಾಗೆ ಅವಳಿಗೆ ಫೋನು ಮಾಡಿದೆ.

"ಅಬ್ಬಾ ಆರಾಮಾಗವ್ರೆ ಅಕ್ಕಾ," ಅಂದಳು ರೇಷ್ಮಾ. ರಂಜಾನ್ ಉಪವಾಸದ ತಿಂಗಳು. "ರೋಜಾ ಐತಲ್ಲ, ಅದ್ಕೆ ಸುಸ್ತು. ಬೆಳಕಾಗೋ ಮುಂಚೆ ಸೆಹ್ರಿ ಊಟಾನೂ ಸರಿಯಾಗ್ ತಿನ್ಲಿಲ್ಲ. ಮಲ್ಗವ್ರೆ."

ಜ್ವರ ಏನಾದರೂ ಇತ್ತಾ ಅಂತ ಕೇಳಿದೆ. ಹೋದ ವಾರ ವಸಿ ಇತ್ತು, ಹೋಯ್ತು ಅಂದಳು. ಎಬ್ಬಿಸಿ ಮಾತಾಡಿಸು ಅಂದೆ. ಅವಳು ಕರೆದದ್ದು ಫೋನಿನಲ್ಲಿ ಕೇಳಿಸಿತು, ಉತ್ತರ ಕೇಳಿಸಲಿಲ್ಲ. "ಊಂ ಅಂತಾರೆ, ಆಮೇಲ್ ಸುಮ್ನಾಯ್ತಾರೆ. ಇಫ್ತಾರ್ ಆಗ್ಲಿ ಬುಡಕ್ಕಾ, ಖರ್ಜೂರ ತಿಂದು ನೀರ್ ಕುಡುದ್ರೆ ಎದ್ ಕೂತ್ಕತಾರೆ."

ನೋಡಿ, ಅವಳ ತಪ್ಪೇನೂ ಇರಲಿಲ್ಲ. ಅಷ್ಟು ವಯಸ್ಸಾದವರು ಆ ಬಿಸಿಲಿನಲ್ಲಿ ಹನಿ ನೀರು ಮುಟ್ಟದೆ ಇದ್ದರೆ ಯಾರಾದರೂ ಸುಸ್ತು ಅಂತಲೇ ತಿಳಿಯುತ್ತಾರೆ. ನನಗೆ ಮಾತ್ರ ಆಶಾ ಕಾರ್ಯಕರ್ತೆ ಹೇಳಿದ ಮಂಕಿನ ಮಾತು ಕಿವಿಯಲ್ಲಿ ಕೂತಿತ್ತು, ಮೂಗಿನಲ್ಲಿ ಲೋಬಾನ ಕೂತಿತ್ತು. ಸಂಜೆಯವರೆಗೆ ಕಾಯಬಾರದು ಅನ್ನುವುದೊಂದೇ ತಲೆಯಲ್ಲಿ.

ಯಜಮಾನರಿಗೆ ಫೋನು ಹಚ್ಚಿದೆ. ಪುಣ್ಯಕ್ಕೆ ಅವರು ಟೊಮೆಟೊ ಇಳಿಸಲು ಪೇಟೆಗೇ ಬಂದಿದ್ದರು. ಇಲ್ಲಿಗೆ ಬಂದು ಆಕ್ಸಿಮೀಟರ್ ತೆಗೆದುಕೊಂಡು ಸಾಬರ ಮನೆಗೆ ಹೋಗಿ ಅಂದೆ. "ಏನಮ್ಮಿ, ನಿಂಗೇನ್ ತಲೆ ಕೆಟ್ಟದಾ? ಸಾಬ್ರ ಬೀದಿ ಒಳಗ್ ಆಟೊ ಬುಟ್ರೆ ಪೋಲೀಸ್ನೋರು ಸುಮ್ಕಿದ್ದರಾ?" ಅಂತ ರೇಗಿದರು. ಲೋಬಾನದ ವಾಸನೆ ಬಂತು ಅಂತ ಅವರಿಗೆ ಹೇಗೆ ಹೇಳಲಿ? "ರೇಷ್ಮಾ ಪೋನ್ ಮಾಡಿ ಗೋಳೋ ಅಂತ ಅಳ್ತಾವ್ಳೆ, ಓಗಿ" ಅಂತ ಸುಳ್ಳು ಹೇಳಿದೆ. ಅಳುವವರ ಹೆಸರು ಹೇಳಿದರೆ ಅವರು ಕರಗುತ್ತಾರೆ ಅಂತ ನನಗೆ ಗೊತ್ತು.

ಆಟೊ ನಮ್ಮ ಮನೆ ಮುಂದೆ ಬಂದು ನಿಂತಿತು. ಆಕ್ಸಿಮೀಟರಿಗೆ ಸ್ಯಾನಿಟೈಸರ್ ಹಾಕಿ ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹೊಲಿಯಲು ತಂದಿಟ್ಟುಕೊಂಡಿದ್ದ ಫಾಲ್ಸುಗಳನ್ನು ಒಂದಕ್ಕೊಂದು ಗಂಟು ಹಾಕಿ ಕಿಟಕಿಯಿಂದ ಇಳಿಬಿಟ್ಟೆ. ಗುಲಾಬಿ, ಹಸಿರು, ಅರಿಶಿನದ ಪಟ್ಟಿಗಳು ಬೀದಿಯಲ್ಲಿ ತೂಗಾಡುತ್ತಿದ್ದದ್ದನ್ನು ನೋಡಿ ಎದುರು ಮನೆಯವರು ಬಾಗಿಲಿಗೆ ಬಂದರು. ಯಜಮಾನರು ಮೇಲೆ ನನ್ನ ಮುಖ ನೋಡಿದರು. ಎಷ್ಟೋ ದಿನದ ಮೇಲೆ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಕವರು ಬಿಚ್ಚಿಕೊಂಡು ಆಟೊ ತಿರುಗಿಸಿದರು.

ಅವರ ಫೋನು ಬರುವವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಬಂದಾಗ ಅವರ ದನಿಯೇ ಬೇರೆಯಾಗಿತ್ತು. "ಎಪ್ಪತ್ತು ಚಿಲ್ರೆ ತೋರುಸ್ತಾ ಅದೆ ಕಣಮ್ಮಿ. ಮಿಷಿನ್ನೇ ಕೆಟ್ಟದೆ ಅಂತ ನನ್ ಬೆರಳ್ಗೂ ಆಕ್ಕಂಡ್ ನೋಡ್ದೆ, ತೊಂಬತ್ತೆಂಟು! ತುಟಿಯೆಲ್ಲಾ ನೀಲಿಗ್ ತಿರುಗ್ಬುಟ್ಟವೆ." ಆಸ್ಪತ್ರೆಗೆ ಹೋದರೆ ರೋಜಾ ಮುರಿಯಬೇಕಲ್ಲ ಅಂತ ರೇಷ್ಮಾ ಹಿಂದೆಮುಂದೆ ನೋಡಿದಳಂತೆ. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು, "ಬೀಮಾರ್ ಆದೋರ್ಗೆ ರೋಜಾ ಮಾಫ್ ಐತೆ, ಮೊದ್ಲು ಜಾನ್ ನೋಡ್ರೀ" ಅಂತ ಗದರಿದರಂತೆ. ಟೊಮೆಟೊ ಕ್ರೇಟುಗಳನ್ನು ಅಲ್ಲೇ ಜಗಲಿಯ ಮೇಲೆ ಇಳಿಸಿ, ಆಟೊದ ಹಿಂದೆ ಹಾಸಿಗೆ ಹಾಕಿ ಸಾಬರನ್ನು ಮಲಗಿಸಿಕೊಂಡು ಹೊರಟರು. ಅಡ್ಡ ಹಾಕಿದ ಪೊಲೀಸಿನವರು ಒಳಗೆ ಇಣುಕಿ ನೋಡಿ ತಾವೇ ಬ್ಯಾರಿಕೇಡು ಸರಿಸಿದರಂತೆ.

ಆಸ್ಪತ್ರೆ ತುಂಬಿಹೋಗಿತ್ತು. ಹಾಸಿಗೆ ಖಾಲಿಯಾಗುವವರೆಗೆ ಕಾರಿಡಾರಿನ ಬೆಂಚಿನ ಮೇಲೇ ಮಲಗಿಸಿ ಆಕ್ಸಿಜನ್ ಹಾಕಿದರು. ಇಫ್ತಾರಿನವರೆಗೆ ಕಾದಿದ್ದರೆ ಕಷ್ಟವಿತ್ತು ಅಂತ ಅಲ್ಲಿನ ನರ್ಸು ರೇಷ್ಮಾಗೆ ಹೇಳಿದರಂತೆ. ಆಕ್ಸಿಜನ್ ಹಾಕಿದರು ಅಂತ ಯಜಮಾನರು ಫೋನಿನಲ್ಲಿ ಹೇಳುತ್ತಿರುವಾಗ ಥಟ್ಟನೆ ನನ್ನ ಗಮನಕ್ಕೆ ಬಂತು, ರೂಮಿನಲ್ಲಿ ವಾಸನೆ ಇರಲಿಲ್ಲ. ಯಾವಾಗ ಹೋಯಿತೋ ಗೊತ್ತಿಲ್ಲ.

ಸಾಬರು ಬದುಕಿದರು. ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು, ಹಬ್ಬ ಅಲ್ಲೇ ಕಳೆಯಿತು. ನಾನು ಮಹಡಿಯಿಂದ ಇಳಿದ ದಿನ ಯಜಮಾನರಿಗೆ ನಿಜ ಹೇಳಿದೆ. ನಗುತ್ತಾರೆ ಅಂತ ಕಾದಿದ್ದೆ. ಅವರು ನಗಲಿಲ್ಲ, ಎದ್ದು ಹೋಗಿ ಆಟೊ ತೊಳೆಯತೊಡಗಿದರು. ಅವತ್ತು ಮನೆಯಲ್ಲಿ ಲೋಬಾನ ಹಚ್ಚಿದ್ದಿರಾ ಅಂತ ರೇಷ್ಮಾಳನ್ನೂ ಕೇಳಿದೆ. ಡಬ್ಬ ಅಟ್ಟದ ಮೇಲಿತ್ತು, ಲೋಬಾನ ಎಂದೋ ಮುಗಿದಿತ್ತು, ತರಲು ಅಂಗಡಿಯೂ ಇರಲಿಲ್ಲ ಅಂದಳು.

ಆಮೇಲೆ ಒಬ್ಬ ಡಾಕ್ಟರನ್ನೂ ಕೇಳಿದ್ದುಂಟು. ಈ ಕಾಯಿಲೆಯಲ್ಲಿ ಮೂಗಿನ ನರಕ್ಕೆ ಪೆಟ್ಟಾಗಿ ಇಲ್ಲದ ವಾಸನೆ ಬರುವುದುಂಟು, ಅದರಲ್ಲಿ ವಿಶೇಷವೇನಿಲ್ಲ ಅಂದರು. ಸಮಾಧಾನವಾಯಿತು. ನನ್ನ ಸ್ವಭಾವಕ್ಕೆ ಒಪ್ಪುವ ಮಾತು ಅದು. ಮನೆಗೆ ಬರುವಷ್ಟರಲ್ಲಿ ಸಮಾಧಾನ ಕರಗಿತ್ತು. ನರದ ಪೆಟ್ಟಾದರೆ ಸುಟ್ಟ ರಬ್ಬರಿನ ವಾಸನೆ ಬರಬಹುದಿತ್ತು, ಚರಂಡಿಯದು ಬರಬಹುದಿತ್ತು. ಅದೇ ಯಾಕೆ, ಅವತ್ತೇ ಯಾಕೆ, ಒಂದೇ ಸಲ ಯಾಕೆ? ಕಾಕತಾಳೀಯ ಅಂತ ನೀವು ಹೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಳ್ಳುತ್ತೇನೆ, ಆದರೆ ಹೇಳುವಾಗ ದನಿ ಗಟ್ಟಿಯಿರುವುದಿಲ್ಲ.

ಅಂಗಡಿಗಳು ತೆರೆದು, ಮಳೆ ಹಿಡಿದ ಮೇಲೆ ಒಂದು ಗುರುವಾರ ಪ್ಯಾರು ಸಾಬರು ಬಂದರು. ಅರ್ಧ ಇಳಿದುಹೋಗಿದ್ದರು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಕಂಡದ್ದೇ ನನಗೆ ಕಣ್ಣು ತುಂಬಿತು. ಸ್ಟೂಲ್ ಹಾಕಿ ಕೂರಿಸಿ, ನಡೆದದ್ದೆಲ್ಲ ಹೇಳಿದೆ. ಅವರು ಬಾಯಿ ತೆರೆದು ನಕ್ಕುಬಿಟ್ಟರು. "ಉಸ್ರಾಡೋಕೇ ಆಗ್ತಿರ್ಲಿಲ್ಲ ನಂಗೆ, ನಿಮ್ಗೆ ಹೊಗೆ ಎಲ್ಲಿಂದ ಕಳ್ಸ್ಲಿ ತಾಯಿ?" ಅವರಿಗೆ ಆ ದಿನದ್ದು ಒಂದೂ ನೆನಪಿಲ್ಲ. ಅದರ ಬಗ್ಗೆ ಕುತೂಹಲವೂ ಇದ್ದ ಹಾಗೆ ಕಾಣಲಿಲ್ಲ. ಎದ್ದು ಗಲ್ಲಾಪೆಟ್ಟಿಗೆಗೆ ಹೊಗೆ ಹಾಕಿದರು, ಮೆಷಿನ್ನಿಗೆ ಹಾಕಿದರು, ಪಕ್ಕದ ಅಂಗಡಿಗೆ ಹೋದರು.

ಈಗಲೂ ತಪ್ಪದೆ ಬರುತ್ತಾರೆ. ನನ್ನ ಮೂಗೂ ಸ್ವಲ್ಪ ಸ್ವಲ್ಪವೇ ವಾಪಸು ಬಂತು. ಮೊದಲು ಕಾಫಿ, ಆಮೇಲೆ ಇಂಗು, ಆಮೇಲೆ ಹೊಸ ಬಟ್ಟೆಯ ಗಂಜಿ. ಅತ್ತೆಯ ಒಗ್ಗರಣೆ ಸೀದರೆ ಅಂಗಳದಲ್ಲೇ ಗೊತ್ತಾಗುತ್ತದೆ. ಲೋಬಾನ ಮಾತ್ರ ಬರಲಿಲ್ಲ. ಗುರುವಾರ ಅಂಗಡಿ ತುಂಬ ಹೊಗೆ ಆಡುತ್ತದೆ, ಸೀರೆ ತಂದವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ, ನನ್ನ ಕಣ್ಣು ಉರಿದು ನೀರು ಸುರಿಯುತ್ತದೆ, ವಾಸನೆ ಮಾತ್ರ ಒಂದು ಎಳೆಯೂ ಇಲ್ಲ. ಇದನ್ನು ಯಜಮಾನರ ಹೊರತು ಯಾರಿಗೂ ಹೇಳಿಲ್ಲ. ಇದರಿಂದ ನನಗೆ ದುಃಖವೂ ಇಲ್ಲ. ವಾಸನೆ ಇಲ್ಲದ ಆ ಹೊಗೆಯಲ್ಲಿ ನಿಂತಾಗ, ನನಗೆ ಬೇಕಾದವರೆಲ್ಲ ಸದ್ಯ ಚೆನ್ನಾಗಿದ್ದಾರೆ ಅನ್ನಿಸುತ್ತದೆ. ಎಂದಾದರೂ ಒಂದು ದಿನ ಅದು ಮತ್ತೆ ಬಂದರೆ, ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರುವುದಿಲ್ಲ. ಮೊದಲು ಫೋನು ತೆಗೆದುಕೊಂಡು ಹೇಗಿದ್ದೀರಿ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತೇನೆ.