ಕೋವಿ ಪೆಟ್ಟಿಗೆಯ ಚೀಟಿ

ಆ ಶುಕ್ರವಾರ ಬಂಗುಡೆ ಸಾರು ಮಾಡಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಲ್ಲಿಯ ಮುಹರಕ್ ಊರಿನ ಒಂದು ಕೋಣೆಯಲ್ಲಿ ಅಣ್ಣನೂ ನಾನೂ ಇದ್ದೆವು. ನಾನು ಬ್ಯಾಂಕಿನಲ್ಲಿ ಟೈಪಿಸ್ಟ್. ಅವನು ಮನಾಮಾ ಪೇಟೆಯಲ್ಲಿ ಹಳೆಯ ಸಾಮಾನು ಮಾರುವ ಅರಬ್ಬಿಯೊಬ್ಬರ ಅಂಗಡಿಯ ಬಡಗಿ.

ದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ಬೇಟೆಯ ಕೋವಿಯನ್ನು ಪೆಟ್ಟಿಗೆ ಸಮೇತ ಆ ಅಂಗಡಿಗೆ ಮಾರಿದ್ದ. ಪೆಟ್ಟಿಗೆಯ ಮುಚ್ಚಳ ಒಡೆದಿತ್ತು. ಅದನ್ನು ಸರಿಮಾಡುವ ಕೆಲಸ ಅಣ್ಣನದು.

"ಕೋವಿ ಹಳತಾದ್ರೆ ಅಡ್ಡಿಲ್ಲ ಅಂತೆ ಮಾರಾಯ, ಪೆಟ್ಟಿಗೆ ಅದರದ್ದೇ ಆಗ್ಬೇಕಂತೆ. ಮುಚ್ಚಳದ ಒಳಗೆ ಕೋವಿ ಮಾಡಿದ ಕಂಪನಿಯ ಚೀಟಿ ಅಂಟಿಸಿ ಉಂಟು. ಅದಿದ್ರೆ ರೇಟೇ ಬೇರೆ," ಎಂದ ಅಣ್ಣ.

"ಗುಂಡು ಹೊಡೆಯುದು ಕೋವಿಯಾ, ಚೀಟಿಯಾ?"

"ತಗೊಳ್ಳುವವ ಹೊಡೀಲಿಕ್ಕೆ ತಗೊಳ್ಳುದಲ್ಲ ಪೆದ್ದ, ತೋರಿಸ್ಲಿಕ್ಕೆ."

ಇಬ್ಬರೂ ನಕ್ಕೆವು. ನಾವು ಹಾಗೆ ನಕ್ಕದ್ದು ಅದೇ ಕೊನೆ.

ನಮ್ಮ ಮನೆಯ ಬಡಗಿಗಳಲ್ಲಿ ಒಂದು ಕ್ರಮವಿತ್ತು. ಕೊನೆಯ ಮೊಳೆಯನ್ನು ಧಣಿಯ ಎದುರಿಗೇ ಹೊಡೆಯಬೇಕು. ಅವರು ನೋಡದೆ ಕೆಲಸ ಮುಗಿಸುವುದು ಮರ್ಯಾದೆಯಲ್ಲ. ಹಲಗೆ ಬದಲಿಸಲು ಅಣ್ಣ ಒದ್ದೆ ಬಟ್ಟೆಯಿಟ್ಟು ಚೀಟಿಯನ್ನು ಹರಿಯದಂತೆ ಬಿಡಿಸಿದ್ದ. ಹೊಸ ಹಲಗೆ ಕೂರಿಸಿದ ಮೇಲೆ, ಅಂಟಿಸುವುದೇ ಇಲ್ಲಿ ಕೊನೆಯ ಮೊಳೆ ಎಂದು, ಚೀಟಿಯನ್ನು ಅಂಟಿಸದೆ ಪೆಟ್ಟಿಗೆಯೊಳಗೆ ಬಿಡಿಯಾಗಿಟ್ಟ. ಅಂಗಡಿಯ ಧಣಿ ದಮ್ಮಾಮ್‌ಗೆ ಹೋಗಿದ್ದರು. ಮೂರು ದಿನ ಬಿಟ್ಟು ಬಂದು ತೆರೆದಾಗ ಚೀಟಿ ಇರಲಿಲ್ಲ.

ಅಂಥ ಚೀಟಿಯನ್ನು ಬೇರೆ ಪೆಟ್ಟಿಗೆಗೆ ಅಂಟಿಸಿ ಅಸಲಿ ಎಂದು ಮಾರುವವರಿದ್ದಾರೆ ಎಂದು ಧಣಿ ಹೇಳಿದರಂತೆ. "ಅಂಟಿಸುವ ಕೆಲಸ ಅಂಟಿಸದೆ ಬಿಟ್ಟದ್ದು ಯಾಕೆ?" ಎಂದು ಹಿಂದಿಯಲ್ಲಿ ಕೇಳಿದರಂತೆ. ಮೊಳೆಯ ಕ್ರಮವನ್ನು ಅಣ್ಣ ತನಗೆ ಬರುವ ಅರೆಬರೆ ಹಿಂದಿಯಲ್ಲಿ ಹೇಗೆ ವಿವರಿಸಿದನೋ. ಅವರು ನಂಬಲಿಲ್ಲ. ಅವರು ಕಳಿಸಿದ ಅಂಗಡಿಯ ಗುಮಾಸ್ತ ನಮ್ಮ ಕೋಣೆಗೆ ಬಂದು ಅಣ್ಣನ ಟ್ರಂಕು ತೆಗೆಸಿ ನೋಡಿದ. ಅಂಗಡಿಯ ಕೀಲಿ ಆ ಗುಮಾಸ್ತನ ಕೈಯಲ್ಲೂ ಇತ್ತು. ಅವನು ಅಂಗಿಗಳ ಮಡಿಕೆಯನ್ನೆಲ್ಲ ಬಿಡಿಸಿದ, ಆದರೆ ಟ್ರಂಕಿನ ತಳದ ಕಾಗದಗಳನ್ನು ಮುಟ್ಟಲಿಲ್ಲ. ಕಾಗದ ಹುಡುಕುವವನು ಕಾಗದ ನೋಡದೆ ಹೋದದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಆದರೆ ಆ ಕಾಗದಗಳನ್ನು ಮರುದಿನ ನೋಡಿದವನು ನಾನು. ಅಣ್ಣ ಸ್ನಾನಕ್ಕೆ ಹೋಗಿದ್ದ. ಅತ್ತಿಗೆಯ ಪತ್ರಗಳನ್ನು ಒಂದೊಂದಾಗಿ ಕೊಡವಿದೆ. ತಲೆಯೆತ್ತಿದಾಗ ಅವನು ಬಾಗಿಲಲ್ಲಿ ಬೈರಾಸು ಹಿಡಿದು ನಿಂತಿದ್ದ.

"ಸಿಕ್ತಾ?" ಎಂದ.

"ಇಲ್ಲ."

"ಹಾಸಿಗೆ ಅಡಿ ಸಹ ನೋಡು. ಅರ್ಧ ಕೆಲಸ ಮಾಡ್ಬೇಡ."

ಮತ್ತೆ ಅವನು ಆ ಮಾತೆತ್ತಲಿಲ್ಲ. ಒಟ್ಟಿಗೆ ಉಣ್ಣುತ್ತಿದ್ದೆವು, ಅಷ್ಟೆ. ಧಣಿ ಅವನನ್ನು ಕೆಲಸದಿಂದ ತೆಗೆದಿರಲಿಲ್ಲ. ಮೂರು ತಿಂಗಳಿಗೆ ಅಂಗಡಿಯಲ್ಲೇ ಎದೆನೋವು ಬಂದು ಕುಸಿದ. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಧಣಿ ತಮ್ಮ ಬಳಿ ಇಟ್ಟುಕೊಂಡಿದ್ದ ಅವನ ಪಾಸ್‌ಪೋರ್ಟು ತಂದು ನನ್ನ ಕೈಗಿಟ್ಟರು. "ನಿನ್ನ ಅಣ್ಣ ಒಳ್ಳೆಯವ, ಕಳ್ಳ ಅಲ್ಲ," ಎಂದರು. ಅದು ಸತ್ತವನ ಎದುರು ಎಲ್ಲರೂ ಆಡುವ ಮಾತೋ, ಅವರಿಗೆ ಏನಾದರೂ ಗೊತ್ತಾಗಿತ್ತೋ? ಕೇಳಬೇಕಿತ್ತು. ಆದರೆ ಅವನ ಟ್ರಂಕನ್ನು ಅವರು ಹುಡುಕಿಸಿದ ಹಾಗೆ ನಾನೂ ಹುಡುಕಿದ್ದೆ.

ಕೋವಿಯನ್ನು ಕೊನೆಗೆ ಯಾರೋ ಕೊಂಡರು, ಚೀಟಿಯಿಲ್ಲದ ಬೆಲೆಗೆ. ಅಲ್ಲಿದ್ದಷ್ಟು ವರ್ಷ ಅಂಥ ಅಂಗಡಿ ಕಂಡಲ್ಲೆಲ್ಲ ನಿಂತು, ತೆರೆದಿಟ್ಟ ಪೆಟ್ಟಿಗೆಗಳ ಮುಚ್ಚಳದೊಳಗೆ ಇಣುಕುತ್ತಿದ್ದೆ. ಚೀಟಿ ಸಿಕ್ಕಿಲ್ಲ.